ಬಿತ್ತದೇ ಬಿಟ್ಟ ಐದು ಸಾಲು ಹತ್ತಿ

ಗೆಳೆಯರೆ, ಮಳಿ ಬಿಡುವು ಕೊಟ್ಟಿಲ್ಲ, ಹೊಲಕ್ಕೆ ಕಾಲಿಡಂಗಿಲ್ಲ. ಅದಕ್ಕೇ ಕುಂತು ಬರೀತಿದ್ದೀನಿ. ಸ್ವಲ್ಪ ಉದ್ದ ಆಗ್ತದೆ, ಓದ್ರಿ.

ಮೊನ್ನೆ ಅಟ್ಟ ಹಸನ ಮಾಡುವಾಗ ಬೀಜದ ಹಳೆಯ ಸಣ್ಣ ಪಾಕೀಟೊಂದು ಸಿಕ್ತು. 120 ಗ್ರಾಂನದ್ದು. ಬಿಟಿ ಹತ್ತಿಯ ದೊಡ್ಡ ಪಾಕೀಟಿನ ಜೊತೆ ಕೊಡ್ತಿದ್ದರಲ್ಲ, ಬಿಟಿ ಅಲ್ಲದ ಬೀಜ, ಅದು. ಒಡೆದೇ ಇಲ್ಲ.

ನಮ್ಮ ಅಜ್ಜನ ಕಾಲದಾಗ ಈ ಎರಿ ಹೊಲಗಳಾಗ ಇದ್ದದ್ದು ಜವಾರಿ ಹತ್ತಿ. ಕುಮಟಾ ಬಂದರಿನಿಂದ ಹಡಗು ಹತ್ತುತ್ತಿದ್ದುದಕ್ಕೆ ವ್ಯಾಪಾರಸ್ಥರು ಅದನ್ನು ಕುಮಟಾ ಹತ್ತಿ ಅಂತಿದ್ದರು. ಬೆಳೆದವರು ನಾವು, ಹೆಸರು ಕುಮಟಾದ್ದು! 1840ರ ದಶಕದಲ್ಲಿ ಕಂಪನಿ ಸರ್ಕಾರ ಅಮೆರಿಕದ ಬೆಳೆಗಾರರನ್ನೇ ಕರೆಸಿ ಹುಬ್ಬಳ್ಳಿ ಕಡೆ ನ್ಯೂ ಆರ್ಲಿಯನ್ಸ್ ಬೀಜ ಹಾಕಿಸಿತು. ಧಾರವಾಡ ಅಮೆರಿಕನ್ ಹತ್ತಿ ಹುಟ್ಟಿದ್ದು ಹಂಗ. ಆದರೂ ಜವಾರಿ ಹೋಗಲಿಲ್ಲ. ಆಮೇಲೆ ಬಂದ ಜಯಧರ ಕೂಡ ಜವಾರಿ ಜಾತಿಯದ್ದೇ. ಎಳೆ ಗಿಡ್ಡ, ರೇಟು ಕಡಿಮೆ, ಆದರೆ ಜಿಗಿಹುಳ, ಹೇನು ತಡೆದುಕೊಳ್ಳುವ ಗುಣ ಗಿಡದಾಗೇ ಇತ್ತು.

ಜವಾರಿಗೆ ಕಾಯಿಕೊರಕ ಬರ್ತಿರಲಿಲ್ಲ ಅಂತ ಯಾರಾದ್ರೂ ಹೇಳಿದ್ರ ನಂಬಬ್ಯಾಡ್ರಿ. ಬರ್ತಿತ್ತು. ಆದರೆ ಹೊಲದಾಗ ಹತ್ತಿ ಒಂದೇ ಇರ್ತಿರಲಿಲ್ಲ. ಉಳ್ಳಾಗಡ್ಡಿ, ಬ್ಯಾಡಗಿ ಮೆಣಸಿನಕಾಯಿ, ನಡುವೆ ಹತ್ತಿ. ಉಳ್ಳಾಗಡ್ಡಿ ಕಿತ್ತ ಮೇಲೆ ಮೆಣಸಿನಕಾಯಿ ಹರಿಯೋದು, ಕಡೀಕೆ ಹತ್ತಿ ಬಿಡಿಸೋದು. ಮರುವರ್ಷ ಆ ಹೊಲಕ್ಕೆ ಜೋಳ. ಹುಳಕ್ಕೆ ಒಂದೇ ಕಡೆ ಸಂಸಾರ ಹೂಡಲಿಕ್ಕೆ ಆಗ್ತಿರಲಿಲ್ಲ.

1972ರಲ್ಲಿ ಧಾರವಾಡದಿಂದ ಡಾ. ಕಟರಕಿ ಅವರ ವರಲಕ್ಷ್ಮಿ ಬಂತು. ಉದ್ದ ಎಳೆ, ಕೈತುಂಬ ರೊಕ್ಕ. ಮುಂದೆ 1981ಕ್ಕೆ ಡಿಸಿಎಚ್ 32. ನಮ್ಮಪ್ಪ ಮನೆಗೆ ಹೆಂಚು ಹೊದಿಸಿದ್ದು ಅದೇ ರೊಕ್ಕದಾಗ, ಸುಳ್ಳು ಯಾಕ ಹೇಳಲಿ. ಆದರೆ ಆ ಗಿಡ ರಸ ಹೀರುವ ಹುಳಕ್ಕೂ ಸೋಲ್ತಿತ್ತು, ಕಾಯಿಕೊರಕಕ್ಕೂ ಸೋಲ್ತಿತ್ತು. ಗಿಡದ ಕೆಲಸ ನಮ್ಮ ಬೆನ್ನಿನ ಪಂಪಿಗೆ ಬಂತು. ಔಷಧಕ್ಕೆ ಹುಳ ಒಗ್ಗಿಕೊಂಡ್ರೆ ಏನಾಗ್ತದೆ ಅನ್ನೋದನ್ನ 1987ರಲ್ಲಿ ಆಂಧ್ರದ ಗುಂಟೂರು, ಪ್ರಕಾಶಂ ಕಡೆಯ ರೈತರು ಕಂಡರು. ಪೈರಿಥ್ರಾಯ್ಡ್ ಎಷ್ಟು ಹೊಡೆದ್ರೂ ಹಸಿರು ಕಾಯಿಕೊರಕ ಸಾಯಲಿಲ್ಲ.

2002ರಲ್ಲಿ ಬಿಟಿ ಬಂತು. ಕಾಯಿಕೊರಕ ಕೊಲ್ಲುವ ಶಕ್ತಿಯನ್ನು ತಿರುಗಿ ಗಿಡದೊಳಗೇ ಇಟ್ಟಿದ್ದರು. ಮೊದಲ ಕೆಲವು ವರ್ಷ ಒಳ್ಳೇದೇ ಆಯ್ತು. ಅದರ ಜೊತೆ ಒಂದು ಷರತ್ತಿತ್ತು: ಹೊಲದ ಸುತ್ತ ಐದು ಸಾಲು ಇಲ್ಲವೇ ಐದರಲ್ಲಿ ಒಂದು ಪಾಲು, ಯಾವುದು ಹೆಚ್ಚೋ ಅಷ್ಟು, ಬಿಟಿ ಅಲ್ಲದ ಹತ್ತಿ. ಯಾಕಂದ್ರೆ ಬಿಟಿ ತಿಂದೂ ಬದುಕಿದ ಒಂದೆರಡು ಪತಂಗ ತಮ್ಮ ತಮ್ಮಲ್ಲೇ ಕೂಡಬಾರದು. ಸುತ್ತಲ ಸಾಲಿನಾಗ ಬೆಳೆದ ಸಾದಾ ಪತಂಗದ ಜೊತೆ ಕೂಡಿದ್ರೆ ಮರಿಗಳು ಬಿಟಿಗೆ ಸಾಯ್ತಾವು. ನಾನು ಮಾಡಿದ್ದೇನು? ಹುಳಕ್ಕೆ ಯಾರು ಊಟ ಹಾಕ್ತಾರ ಅಂತ ನಕ್ಕು ಪಾಕೀಟು ಅಟ್ಟಕ್ಕೆ ಒಗೆದೆ. ನೀವೂ ಒಗೆದಿದ್ದೀರಿ, ಗೊತ್ತದ.

ಕೆಲವರು ಅದರ ಬದಲು ತೊಗರಿ ಹಾಕಿದರು. ಹಸಿರು ಕಾಯಿಕೊರಕಕ್ಕೆ ಅದು ನಡೀತದೆ, ಅದು ತೊಗರಿ, ಕಡಲೆ, ಟೊಮೆಟೊ ಎಲ್ಲಾ ತಿಂತದೆ. ಗುಲಾಬಿ ಕಾಯಿಕೊರಕಕ್ಕೆ ನಡೆಯೋದಿಲ್ಲ, ಅದರ ಊಟ ಹೆಚ್ಚುಕಡಿಮೆ ಹತ್ತಿ ಒಂದೇ. ಊರಿಗೆ ಊರೇ ಬರೀ ಬಿಟಿ ಹತ್ತಿ ಆದಾಗ ಮೊದಲು ಗೆದ್ದದ್ದು ಅದೇ. ಒಂದು ಜೀನ್ ಇದ್ದ ಬಿಟಿಯನ್ನು ಅದು ದಾಟಿದ ಸುದ್ದಿ 2010ರಲ್ಲಿ ಗುಜರಾತಿನಿಂದ ಬಂತು. ಎರಡು ಜೀನಿನದನ್ನೂ ಮುಂದೆ ದಾಟಿತು. ಹೋದ ವರ್ಷ ನನ್ನ ಎರಡನೇ ಬಿಡಿಸುವಿಕೆಯಾಗ ಅರ್ಧದಷ್ಟು ಕಾಯಿ ಅರಳಲೇ ಇಲ್ಲ. ಕೂಲಿ ಕೈಯಿಂದ ಕೊಟ್ಟೆ.

ಈಗ ಬಿಟಿ ಅಲ್ಲದ ಬೀಜ ಪಾಕೀಟಿನೊಳಗೇ ಬೆರೆಸಿ ಬರ್ತದೆ, ಅದು ನಮ್ಮ ಕೈಯಾಗಿಲ್ಲ. ಕೈಯಾಗಿರೋದು ಹತ್ತಿ ಕಟಗಿ. ಒಣಗಿದ ಕಾಯಿಯೊಳಗ, ಬೀಜದೊಳಗ ಈ ಹುಳ ಮಲಗಿ ಮುಂದಿನ ಮಳಿ ಕಾಯ್ತದೆ. ನಾನು ಈ ವರ್ಷ ಅರ್ಧ ಹೊಲಕ್ಕೆ ಹತ್ತಿ ನಿಲ್ಲಿಸಿ ಹಿಂಗಾರಿಗೆ ಜೋಳ, ಕಡಲೆ ಹಾಕಾಕತ್ತೀನಿ. ಇದ್ದ ಹತ್ತಿಯನ್ನ ಡಿಸೆಂಬರ್ ಕಡೀಕೆ ಕಿತ್ತು ತೆಗೀತೀನಿ, ಬಣವಿ ಒಟ್ಟೋದಿಲ್ಲ. ಆದರೆ ಪತಂಗಕ್ಕೆ ನನ್ನ ಬದು, ನಿಮ್ಮ ಬದು ಅಂತ ಇಲ್ಲ. ಹಳ್ಳದ ಈಚೆ ಹತ್ತಿ ಹಾಕಿದವರೆಲ್ಲ ಒಂದೇ ವಾರದಾಗ ಕಿತ್ತರೆ ಮಾತ್ರ ಉಪಯೋಗ. ರವಿವಾರ ಸಂಜೀಕ ಗುಡಿ ಕಟ್ಟಿ ಹತ್ರ ಬರ್ರಿ, ಯಾವ ವಾರ ಅಂತ ಮಾತಾಡೋಣು. ಪಾಕೀಟೂ ತರ್ತೀನಿ.