ಕರಾಟೆಯ ಉಗಮ ಮತ್ತು ಚೀನೀ ಪ್ರಭಾವ

ಕರಾಟೆಯು ಜಪಾನಿನ ಸಮರಕಲೆಯೆಂದು ಪ್ರಸಿದ್ಧವಾಗಿದ್ದರೂ ಅದರ ತವರು ಜಪಾನಿನ ಮುಖ್ಯ ಭೂಭಾಗವಲ್ಲ, ದಕ್ಷಿಣದಲ್ಲಿರುವ ಒಕಿನಾವ ದ್ವೀಪ. 1879ರಲ್ಲಿ ಜಪಾನಿನ ಪ್ರಾಂತವಾಗುವವರೆಗೆ ಒಕಿನಾವವು ರ್ಯುಕ್ಯು ಎಂಬ ರಾಜ್ಯದ ಕೇಂದ್ರವಾಗಿತ್ತು. ಅಲ್ಲಿನ ದೇಶೀಯ ಕಾಳಗವಿದ್ಯೆಗೆ ‘ತೆ’, ಅಂದರೆ ‘ಕೈ’ ಎಂದಷ್ಟೇ ಹೆಸರಿತ್ತು.

ಚೀನದೊಡನೆ ಸಂಪರ್ಕ

1372ರಲ್ಲಿ ಒಕಿನಾವದ ಅರಸ ಸತ್ತೊ ಚೀನದ ಮಿಂಗ್ ಚಕ್ರವರ್ತಿಗೆ ಕಪ್ಪಕಾಣಿಕೆ ಕಳುಹಿಸಿದನು. ಮುಂದೆ ಫುಜಿಯನ್ ಪ್ರಾಂತದ ಚೀನೀ ಕುಟುಂಬಗಳು ನಾಹಾ ಬಂದರಿನ ಸಮೀಪದ ಕುಮೆಮುರದಲ್ಲಿ ನೆಲೆಸಿದವು. ರಾಯಭಾರಿಗಳು, ವರ್ತಕರು, ವಿದ್ಯಾರ್ಥಿಗಳು ಫುಜೌ ನಗರಕ್ಕೆ ಹೋಗಿಬರುತ್ತಿದ್ದರು. ದಕ್ಷಿಣ ಚೀನದ ಮುಷ್ಟಿವಿದ್ಯೆ ದ್ವೀಪವನ್ನು ತಲಪಿದ್ದು ಮುಖ್ಯವಾಗಿ ಈ ದಾರಿಯಿಂದ. ಬಿರುಗಾಳಿಗೆ ಸಿಲುಕಿ 1762ರಲ್ಲಿ ತೋಸಾ ತೀರವನ್ನು ಸೇರಿದ ರ್ಯುಕ್ಯು ಹಡಗಿನವರ ಹೇಳಿಕೆಗಳನ್ನು ಒಳಗೊಂಡ ‘ಓಶಿಮಾ ಹಿಕ್ಕಿ’ ಎಂಬ ಬರಹದಲ್ಲಿ, ಚೀನದಿಂದ ಬಂದ ಕುಶಾಂಕು ಎಂಬಾತನ ಕಾಳಗ ಪ್ರದರ್ಶನದ ಉಲ್ಲೇಖವಿದೆ. ಅವನ ಹೆಸರಿನ ‘ಕಟ’ (ನಿಗದಿತ ಚಲನೆಗಳ ಅಭ್ಯಾಸಕ್ರಮ) ಇಂದಿಗೂ ಬಳಕೆಯಲ್ಲಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಕಾನ್ರ್ಯೊ ಹಿಗಾಓನ್ನ ಫುಜೌನಲ್ಲಿ ಕಲಿತು ಬಂದನು. ಅವನ ಶಿಷ್ಯ ಚೋಜುನ್ ಮಿಯಾಗಿ ಗೋಜು-ರ್ಯು ಪಂಥದ ಸ್ಥಾಪಕ. 1897ರಲ್ಲಿ ಅಲ್ಲಿಗೇ ಹೋದ ಕಾನ್ಬುನ್ ಉಎಚಿಯಿಂದ ಉಎಚಿ-ರ್ಯು ಹುಟ್ಟಿತು.

ಐತಿಹ್ಯಗಳು

ಆಯುಧ ಕಳೆದುಕೊಂಡ ರೈತರು ಕರಾಟೆಯನ್ನು ರೂಪಿಸಿದರೆಂಬ ಕಥೆ ಜನಪ್ರಿಯ. ಆದರೆ ಹೆಸರು ಉಳಿದುಬಂದಿರುವ ಹಳೆಯ ಗುರುಗಳಲ್ಲಿ ಹಲವರು, ಸೋಕೊನ್ ಮಾತ್ಸುಮುರನಂತೆ, ಅರಸರ ಸೇವೆಯಲ್ಲಿದ್ದವರು. ದಕ್ಷಿಣ ಭಾರತದ ಬೋಧಿಧರ್ಮನು ಶಾವೊಲಿನ್ ಮಠದಲ್ಲಿ ಈ ವಿದ್ಯೆಯನ್ನು ಬಿತ್ತಿದನೆಂಬ ಮಾತು ನಮ್ಮವರಿಗೆ ಪ್ರಿಯವಾದುದು. ಅದಕ್ಕೆ ಆಧಾರವಾದ ‘ಯಿಜಿನ್ ಜಿಂಗ್’ ಗ್ರಂಥವಾದರೋ ಹದಿನೇಳನೆಯ ಶತಮಾನದ್ದೆಂದು ವಿದ್ವಾಂಸರು ನಿರ್ಣಯಿಸಿದ್ದಾರೆ.

ಹೆಸರಿನ ಬದಲಾವಣೆ

‘ಕರ’ ಎಂದೊಡನೆ ಕನ್ನಡಿಗರಿಗೆ ಕೈ ನೆನಪಾಗುವುದು ಸಹಜ. ಆದರೆ ಈ ಪದದಲ್ಲಿ ಕೈ ಇರುವುದು ‘ಟೆ’ಯಲ್ಲಿ. ಮೊದಲು ‘ಕರ’ವನ್ನು ಚೀನದ ಟಾಂಗ್ ವಂಶವನ್ನು ಸೂಚಿಸುವ ಅಕ್ಷರದಿಂದ ಬರೆಯುತ್ತಿದ್ದರು, ಅರ್ಥ, ‘ಚೀನೀ ಕೈ’. 1922ರಲ್ಲಿ ಟೋಕಿಯೊದಲ್ಲಿ ಕಲೆಯನ್ನು ಪ್ರದರ್ಶಿಸಿದ ಗಿಚಿನ್ ಫುನಾಕೋಶಿಯೂ ಅದೇ ವರ್ಷದ ತನ್ನ ಪುಸ್ತಕದಲ್ಲಿ ಅದನ್ನೇ ಬಳಸಿದನು. ಅನಂತರ ಅದೇ ಉಚ್ಚಾರಣೆಯುಳ್ಳ, ‘ಬರಿದು’ ಎಂಬರ್ಥದ ಅಕ್ಷರ ಬಂದಿತು. ಇದಕ್ಕೆ ಬೌದ್ಧರ ಶೂನ್ಯತತ್ತ್ವದ ವಿವರಣೆ ನೀಡಲಾಯಿತು. ಆದರೆ ಚೀನದೊಡನೆ ಹಗೆ ಬಲಿಯುತ್ತಿದ್ದ 1930ರ ದಶಕದಲ್ಲಿ ‘ಚೀನೀ’ ಎಂಬ ಹೆಸರು ಜಪಾನಿನಲ್ಲಿ ಹೊರೆಯಾಗಿತ್ತೆಂಬುದನ್ನು ಮರೆಯಲಾಗದು. 1936ರ ಅಕ್ಟೋಬರಿನಲ್ಲಿ ನಾಹಾದಲ್ಲಿ ಸೇರಿದ ಗುರುಗಳ ಸಭೆ ಹೊಸ ಬರಹಕ್ಕೆ ಸಮ್ಮತಿಸಿತು. ಫುನಾಕೋಶಿ ಕಟಗಳ ಹೆಸರುಗಳನ್ನೂ ಜಪಾನೀಕರಿಸಿದನು: ‘ಕುಶಾಂಕು’ ‘ಕಾಂಕು’ ಆಯಿತು. ಗೋಜು-ರ್ಯು ಮತ್ತು ಉಎಚಿ-ರ್ಯು ಪಂಥಗಳಲ್ಲಿ ಮಾತ್ರ ‘ಸಾನ್ಚಿನ್’ ಮುಂತಾದ ಹಳೆಯ ಹೆಸರುಗಳೇ ಉಳಿದಿವೆ.