ಕ್ಯಾನ್ಸರ್ ಚಿಕಿತ್ಸೆಯ ವೆಚ್ಚ: ಹೊರೆ ಹೊತ್ತವರು ಯಾರು?



ರಬಕವಿಯ ನೇಕಾರರ ಓಣಿಗೆ ಕಾಲಿಟ್ಟರೆ ಮೊದಲು ಕಿವಿಗೆ ಬೀಳುವುದು ಮಗ್ಗದ ಸದ್ದು. ಇಲ್ಲಿ ಎಷ್ಟೋ ಕುಟುಂಬಗಳಿಗೆ ಮನೆಯೇ ಕಾರ್ಖಾನೆ. ಮಗ್ಗ ನಡೆದ ದಿನ ಕೂಲಿ, ನಿಂತ ದಿನ ಇಲ್ಲ. ಇಂಥ ಒಂದು ಮನೆಯಲ್ಲಿ ದುಡಿಯುವ ಹಿರಿಯರ ಬಾಯಲ್ಲಿ ಮಾಯದ ಹುಣ್ಣು ಕಾಣಿಸಿಕೊಂಡು, ವೈದ್ಯರು ಅದನ್ನು ಕ್ಯಾನ್ಸರ್ ಎಂದು ಹೇಳಿದರೆ, ಮನೆಯವರನ್ನು ಎರಡು ಪ್ರಶ್ನೆಗಳು ಕಾಡುತ್ತವೆ. ‘ಜೀವ ಉಳಿಯುತ್ತದೆಯೇ?’ ಎಂಬುದು ಒಂದು. ‘ಖರ್ಚಿಗೆ ಏನು ಮಾಡುವುದು?’ ಎಂಬುದು ಇನ್ನೊಂದು. ಮೊದಲ ಪ್ರಶ್ನೆಯ ಉತ್ತರ ವೈದ್ಯಶಾಸ್ತ್ರದಲ್ಲಿದೆ. ಎರಡನೆಯದರ ಉತ್ತರವನ್ನು ನಾವು ಇತಿಹಾಸದಲ್ಲಿ ಹುಡುಕಬೇಕು.

ಕ್ಯಾನ್ಸರ್ ಚಿಕಿತ್ಸೆ ಆರಂಭದಿಂದಲೂ ದುಬಾರಿ. 1898ರಲ್ಲಿ ಕ್ಯೂರಿ ದಂಪತಿಗಳು ರೇಡಿಯಂ ಕಂಡುಹಿಡಿದರು. ಅದರ ಕಿರಣಗಳು ಕ್ಯಾನ್ಸರ್ ಗೆಡ್ಡೆಗಳ ಚಿಕಿತ್ಸೆಗೆ ಬಳಕೆಯಾದವು. ಆದರೆ 1921ರಲ್ಲಿ ಮೇರಿ ಕ್ಯೂರಿ ಅವರ ಸಂಶೋಧನೆಗೆ ಒಂದೇ ಒಂದು ಗ್ರಾಂ ರೇಡಿಯಂ ಕೊಡಿಸಲು ಅಮೆರಿಕದ ಮಹಿಳೆಯರು ಒಂದು ಲಕ್ಷ ಡಾಲರ್ ವಂತಿಗೆ ಕೂಡಿಸಬೇಕಾಯಿತು! ಆ ಕಾಲದಲ್ಲಿ ರಬಕವಿ ಸಾಂಗಲಿ ಸಂಸ್ಥಾನಕ್ಕೆ ಸೇರಿತ್ತು. ದೊಡ್ಡ ಕಾಯಿಲೆ ಬಂದರೆ ಈ ಭಾಗದವರು ಮೀರಜಿನತ್ತ ಮುಖ ಮಾಡುತ್ತಿದ್ದರು. ಅಲ್ಲಿ ಡಾ. ವಿಲಿಯಂ ವಾನ್ಲೆಸ್ ಅವರು 1894ರಲ್ಲಿ ಮಿಷನ್ ಆಸ್ಪತ್ರೆ ತೆರೆದಿದ್ದರು. ಬಡವರ ಪಾಲಿಗೆ ಇದ್ದ ಆಸರೆ ದಾನಧರ್ಮವೊಂದೇ.

ಭಾರತದ ದೊಡ್ಡ ಕ್ಯಾನ್ಸರ್ ಆಸ್ಪತ್ರೆ ಹುಟ್ಟಿದ್ದೂ ದಾನದಿಂದಲೇ. ಸರ್ ದೊರಾಬ್ಜಿ ಟಾಟಾ ಅವರ ಪತ್ನಿ ಮೆಹರ್‌ಬಾಯಿ 1931ರಲ್ಲಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡರು. ಮರುವರ್ಷ ದೊರಾಬ್ಜಿಯವರೂ ಇಲ್ಲವಾದರು. ಅವರ ಹೆಸರಿನ ಟ್ರಸ್ಟ್ 1941ರ ಫೆಬ್ರವರಿ 28ರಂದು ಮುಂಬಯಿಯಲ್ಲಿ ಟಾಟಾ ಸ್ಮಾರಕ ಆಸ್ಪತ್ರೆಯನ್ನು ತೆರೆಯಿತು. ಮುಂದೆ ಸರ್ಕಾರ ಅದರ ಹೊಣೆ ಹೊತ್ತುಕೊಂಡಿತು. ಕರ್ನಾಟಕದಲ್ಲಿ 1973ರಲ್ಲಿ ಬೆಂಗಳೂರಿನ ಕಿದ್ವಾಯಿ ಸಂಸ್ಥೆ ಆರಂಭವಾಗಿ, 1980ರಲ್ಲಿ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರವಾಯಿತು. ಆದರೆ ರಬಕವಿಯಿಂದ ಬೆಂಗಳೂರು ಐದುನೂರು ಕಿಲೋಮೀಟರಿಗೂ ಹೆಚ್ಚು ದೂರ. ಕಿರಣ ಚಿಕಿತ್ಸೆ ವಾರಗಟ್ಟಲೆ ನಡೆಯುತ್ತದೆ. ರೋಗಿಯ ಜೊತೆಗೆ ಒಬ್ಬರು ಇರಲೇಬೇಕು. ಅಂದರೆ ಮನೆಯ ಎರಡು ಜೊತೆ ಕೈಗಳು ಕೆಲಸದಿಂದ ದೂರ ಉಳಿದಂತೆ. ಚಿಕಿತ್ಸೆ ಅಗ್ಗವಾದ ಮಾತ್ರಕ್ಕೆ ಕಾಯಿಲೆ ಅಗ್ಗವಾಗಲಿಲ್ಲ.

ಹಾಗಾದರೆ ವಿಮೆ ಇರಲಿಲ್ಲವೇ? ಇತ್ತು, ನೇಕಾರರಿಗೆ ಎಟಕುವಂತಿರಲಿಲ್ಲ. 1948ರ ನೌಕರರ ರಾಜ್ಯ ವಿಮಾ ಕಾಯ್ದೆ ಕಾರ್ಖಾನೆಯ ಕಾರ್ಮಿಕರಿಗಾಗಿ ಬಂತು. ಮನೆಯಲ್ಲೇ ಎರಡು ಮೂರು ಮಗ್ಗ ಇಟ್ಟುಕೊಂಡವರು ಅದರ ಹೊರಗೆ ಉಳಿದರು. 1986ರಲ್ಲಿ ‘ಮೆಡಿಕ್ಲೇಮ್’ ಎಂಬ ಆರೋಗ್ಯ ವಿಮೆ ಬಂತು. ಅದಕ್ಕೆ ಕಂತು ಕಟ್ಟಬೇಕು. ಮೊದಲೇ ಇದ್ದ ರೋಗಕ್ಕೆ ಅದು ಅನ್ವಯಿಸುತ್ತಿರಲಿಲ್ಲ. ರೋಗ ಗೊತ್ತಾದ ಮೇಲೆ ವಿಮೆಯ ಬಾಗಿಲು ತಟ್ಟಿದರೆ ಅದು ತೆರೆಯದು. 2005ರಲ್ಲಿ ಕೇಂದ್ರ ಸರ್ಕಾರ ಕೈಮಗ್ಗ ನೇಕಾರರಿಗೆಂದೇ ವಿಮೆ ತಂದಿತು. ಕುಟುಂಬಕ್ಕೆ ವರ್ಷಕ್ಕೆ ಗರಿಷ್ಠ 15,000 ರೂಪಾಯಿ. ಜ್ವರಕ್ಕೆ, ಹೆರಿಗೆಗೆ ಅದು ನೆರವಾದೀತು. ಕ್ಯಾನ್ಸರಿಗೆ ಎಲ್ಲಿ ಸಾಲಬೇಕು? ವಿದ್ಯುತ್ ಮಗ್ಗ ನಡೆಸುವವರಿಗಂತೂ ಅದೂ ಇರಲಿಲ್ಲ.

ಇತಿಹಾಸದ ತಿರುವು ಬಂದದ್ದು 2010ರಲ್ಲಿ. ರಾಜ್ಯ ಸರ್ಕಾರ ವಾಜಪೇಯಿ ಆರೋಗ್ಯಶ್ರೀ ಯೋಜನೆಯನ್ನು ಬಾಗಲಕೋಟೆಯೂ ಸೇರಿದಂತೆ ಉತ್ತರ ಕರ್ನಾಟಕದಲ್ಲಿ ಮೊದಲು ಜಾರಿಗೆ ತಂದಿತು. ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳಿಗೆ ಹೃದ್ರೋಗ, ಕ್ಯಾನ್ಸರ್ ಮೊದಲಾದ ದೊಡ್ಡ ಕಾಯಿಲೆಗಳ ಚಿಕಿತ್ಸೆ ಉಚಿತ. ಕಂತು ಕಟ್ಟಬೇಕಾಗಿಲ್ಲ, ಪಡಿತರ ಚೀಟಿಯೇ ಸಾಕ್ಷಿ. ರೋಗಿಗಳನ್ನು ಗುರುತಿಸಲು ಆಸ್ಪತ್ರೆಗಳೇ ಊರ ಬಳಿ ಶಿಬಿರ ನಡೆಸಿದವು.

ಯೋಜನೆ ಬಂದ ಪ್ರದೇಶ, ಇನ್ನೂ ಬಾರದ ಪ್ರದೇಶ ಎರಡೂ ಕೂಡುವ ಗಡಿಯ 572 ಹಳ್ಳಿಗಳನ್ನು ಸಂಶೋಧಕರು ಹೋಲಿಸಿ ನೋಡಿದರು. ಅದರ ಫಲಿತಾಂಶ 2014ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಪ್ರಕಟವಾಯಿತು. ಯೋಜನೆಯ ವ್ಯಾಪ್ತಿಯ ಕಾಯಿಲೆಗಳಿಂದ ಬಡ ಕುಟುಂಬಗಳಲ್ಲಿ ಸಂಭವಿಸಿದ ಸಾವಿನ ಪ್ರಮಾಣ, ಯೋಜನೆ ಇದ್ದ ಹಳ್ಳಿಗಳಲ್ಲಿ ಶೇಕಡಾ 0.32, ಇಲ್ಲದ ಹಳ್ಳಿಗಳಲ್ಲಿ ಶೇಕಡಾ 0.90. ಎರಡೂ ಕಡೆ ಜನರು ಒಂದೇ ಬಗೆಯವರು. ವ್ಯತ್ಯಾಸ ಇದ್ದದ್ದು ಖರ್ಚು ಹೊರುವವರು ಯಾರು ಎಂಬುದರಲ್ಲಿ.

ಔಷಧಿಯ ಬೆಲೆಯ ಕಥೆಯೂ ಇಷ್ಟೇ ಬೋಧಪ್ರದ. ಮೂತ್ರಪಿಂಡ ಮತ್ತು ಯಕೃತ್ತಿನ ಕ್ಯಾನ್ಸರಿಗೆ ಬಳಸುವ ‘ನೆಕ್ಸಾವರ್’ ಎಂಬ ಮಾತ್ರೆಗೆ ತಿಂಗಳಿಗೆ 2,80,428 ರೂಪಾಯಿ ಆಗುತ್ತಿತ್ತು. 2012ರಲ್ಲಿ ಭಾರತ ತನ್ನ ಮೊದಲ ಕಡ್ಡಾಯ ಪರವಾನಗಿಯನ್ನು ನೀಡಿ, ಅದೇ ಔಷಧಿಯನ್ನು ತಯಾರಿಸಲು ಹೈದರಾಬಾದಿನ ನ್ಯಾಟ್ಕೋ ಕಂಪನಿಗೆ ಅನುಮತಿ ಕೊಟ್ಟಿತು. ಬೆಲೆ 8,880 ರೂಪಾಯಿಗೆ ಇಳಿಯಿತು. ಬೆಲೆ ಎಂಬುದು ದೈವ ಬರೆದ ಹಣೆಬರಹವಲ್ಲ; ಕಾನೂನು ಮನಸ್ಸು ಮಾಡಿದರೆ ಅದು ಬದಲಾಗುತ್ತದೆ.

2018ರಿಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಬಂದಿದ್ದು, ಅರ್ಹ ಬಡ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿವರೆಗೆ ಚಿಕಿತ್ಸೆ ದೊರೆಯುತ್ತದೆ. ಆದರೂ ಹೊರೆ ಪೂರ್ತಿ ಇಳಿದಿಲ್ಲ. ರೋಗ ಪತ್ತೆಯಾಗುವ ಮೊದಲಿನ ಓಡಾಟ, ಪರೀಕ್ಷೆಗಳು, ಬಸ್ಸಿನ ಖರ್ಚು, ತಪ್ಪಿದ ಕೂಲಿ – ಇವುಗಳ ಭಾರ ಇಂದಿಗೂ ಬಹುಪಾಲು ಮನೆಯವರ ಹೆಗಲ ಮೇಲೆಯೇ. ಅದಕ್ಕಾಗಿಯೇ ಮಗ್ಗ ಮಾರುವ, ಬಂಗಾರ ಒತ್ತೆಯಿಡುವ ಮಾತು ಇನ್ನೂ ಕೇಳಿಬರುತ್ತದೆ.

ಇದರಲ್ಲಿ ನಿಮ್ಮ ಪಾತ್ರವೇನು? ಮನೆಯ ಆರೋಗ್ಯ ಕಾರ್ಡು ಆಗಿದೆಯೇ ಎಂದು ಇಂದೇ ನೋಡಿ. ಕಾಯಿಲೆ ಬಂದ ಮೇಲೆ ಕಾಗದಪತ್ರ ಹುಡುಕುವಂತಾಗಬಾರದು. ಎರಡು ಮೂರು ವಾರವಾದರೂ ಮಾಯದ ಬಾಯಿ ಹುಣ್ಣು, ಎದೆಯಲ್ಲಿ ಗಂಟು ಕಂಡರೆ ಸಂಕೋಚಪಡದೆ ತಾಲ್ಲೂಕು ಆಸ್ಪತ್ರೆಗೆ ಹೋಗುವಂತೆ ಹಿರಿಯರಿಗೆ ಹೇಳಿ. ತಂಬಾಕು, ಗುಟ್ಕಾ ಬಿಡಿಸಿ. ಬೇಗ ಪತ್ತೆಯಾದ ಕ್ಯಾನ್ಸರಿನಲ್ಲಿ ಜೀವ ಉಳಿಯುವ ಸಂಭವ ಹೆಚ್ಚು, ಖರ್ಚೂ ಕಡಿಮೆ.

ಒಂದು ಸೀರೆಯಲ್ಲಿ ಸಾವಿರಾರು ಎಳೆಗಳಿರುತ್ತವೆ. ಒಂದೊಂದೇ ಎಳೆ ಹರಿಯಲು ಎಷ್ಟು ಹೊತ್ತು? ಎಲ್ಲ ಎಳೆಗಳೂ ಕೂಡಿದಾಗ ಬಟ್ಟೆ ಗಟ್ಟಿಯಾಗುತ್ತದೆ. ಒಬ್ಬರ ಕಾಯಿಲೆಯ ಭಾರವನ್ನು ಸಮಾಜ ಹಂಚಿಕೊಳ್ಳುವುದೂ ಹಾಗೆಯೇ. ಇದು ರಬಕವಿಯ ನೇಕಾರರಿಗೆ ಯಾರೂ ಕಲಿಸಬೇಕಾದ ಪಾಠವಲ್ಲ.