ವೇಷ ಮತ್ತು ವರ್ತನೆ: ಬಳ್ಳಾರಿ ಸೀಮೆಯ ಬಯಲಾಟ ಹಾಗೂ ವರ್ಚುವಲ್ ಅವತಾರ

ಸಿರುಗುಪ್ಪ, ಕುರುಗೋಡು ಕಡೆಯ ದೊಡ್ಡಾಟ ಎಂಬ ಬಯಲಾಟದಲ್ಲಿ ವೇಷ ಕಟ್ಟುವವರು ಬಹುಪಾಲು ಹೊಲಮನೆಯ ಕೆಲಸದವರು. ತಾಲೀಮಿನಲ್ಲಿ ಲುಂಗಿ ಉಟ್ಟು ಮಾತು ಒಪ್ಪಿಸುತ್ತಿದ್ದವನು, ಆಟದ ರಾತ್ರಿ ಕಿರೀಟ, ಭುಜಕೀರ್ತಿ, ಗೆಜ್ಜೆ ಕಟ್ಟಿದನೆಂದರೆ ಅಟ್ಟದ ಹಲಗೆ ಅದುರುವಂತೆ ಹೆಜ್ಜೆ ಹಾಕುತ್ತಾನೆ. ಪಾತ್ರಗಳನ್ನು ಮಾತಾಡಿಸುವ ಸಾರಥಿ ವಿಚಾರಿಸಿದಾಗ ತನ್ನ ಪರಾಕ್ರಮವನ್ನು ತಾನೇ ಸಾರುತ್ತಾನೆ. ಈ ಬದಲಾವಣೆ ವೇಷದ್ದೋ, ಅದರ ಭಾರದ್ದೋ, ಎದುರಿಗೆ ಕೂತ ಊರಿನ ಕಣ್ಣಿನದೋ? ಬಯಲಿನಲ್ಲಿ ಮೂರೂ ಹೆಣೆದುಕೊಂಡಿರುತ್ತವೆ.

ಆ ಹೆಣಿಗೆಯನ್ನು ಬಿಡಿಸಿದ್ದು ವರ್ಚುವಲ್ ರಿಯಾಲಿಟಿಯ ಪ್ರಯೋಗಾಲಯ. ಸ್ಟ್ಯಾನ್‌ಫರ್ಡ್‌ನ ನಿಕ್ ಯೀ ಮತ್ತು ಜೆರೆಮಿ ಬೇಲೆನ್ಸನ್ 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ವರ್ಚುವಲ್ ಕನ್ನಡಿಯಲ್ಲಿ ಚೆಲುವಾದ ಮುಖ ಕಂಡವರು ಎದುರಿನ ವ್ಯಕ್ತಿಗೆ ಹೆಚ್ಚು ಹತ್ತಿರ ನಿಂತರು, ತಮ್ಮ ಬಗ್ಗೆ ಹೆಚ್ಚು ಹೇಳಿಕೊಂಡರು. 100 ಡಾಲರ್ ಹಂಚಿಕೊಳ್ಳುವ ಚೌಕಾಸಿಯಲ್ಲಿ ಗಿಡ್ಡ ಅವತಾರದವರು, ಎತ್ತರದ ಅವತಾರದವರಿಗಿಂತ ಸುಮಾರು ಇಮ್ಮಡಿ ಪ್ರಮಾಣದಲ್ಲಿ ಅನ್ಯಾಯದ ಪಾಲಿಗೆ ಒಪ್ಪಿದರು. ಚೆಲುವಿನ ಪ್ರಯೋಗದ ಜಾಣ್ಮೆ ಇರುವುದು ಒಂದು ಏರ್ಪಾಟಿನಲ್ಲಿ: ಮುಖದ ಚೆಲುವು ಎದುರಿನವನಿಗೆ ಕಾಣುತ್ತಿರಲಿಲ್ಲ. ನೋಡುವವರ ಮರ್ಯಾದೆಯಿಲ್ಲದೆಯೂ ವೇಷ ಕೆಲಸ ಮಾಡಿತ್ತು. ರೂಪ ಬದಲಿಸುವ ಗ್ರೀಕ್ ದೇವತೆಯ ಹೆಸರಿನಿಂದ ಇದನ್ನು ‘ಪ್ರೋಟಿಯಸ್ ಪರಿಣಾಮ’ ಎನ್ನುತ್ತಾರೆ. ಮನುಷ್ಯ ತನ್ನನ್ನು ಹೊರಗಿನವನಂತೆ ನೋಡಿ, ‘ಇಂಥವನು ಹೀಗಿರುತ್ತಾನೆ’ ಎಂದು ಊಹಿಸಿ ನಡೆಯುತ್ತಾನೆ ಎಂಬುದು ಯೀ ಮತ್ತು ಬೇಲೆನ್ಸನ್ ಅವರ ವಿವರಣೆ.

ಬಳ್ಳಾರಿಯ ಬೆಳಗಲ್ಲು ವೀರಣ್ಣನವರಂಥ ತೊಗಲುಗೊಂಬೆ ಕಲಾವಿದರು ಪರದೆಯ ಹಿಂದೆ ನಿಂತು ಗೊಂಬೆಗೆ ದನಿ, ಚಲನೆ ಕೊಡುತ್ತಿದ್ದರು. ಗೊಂಬೆ ಅವರ ಮೈಯಲ್ಲ. ಕಂಪ್ಯೂಟರ್ ಆಟದ ಅವತಾರ ಇದಕ್ಕೆ ಹತ್ತಿರ. ಹೆಡ್‌ಸೆಟ್ ತೊಟ್ಟವನಾದರೋ ದೊಡ್ಡಾಟದ ಪಾತ್ರಧಾರಿಯಂತೆ ವೇಷದ ಒಳಗೇ ಇರುತ್ತಾನೆ: ತಲೆ ತಗ್ಗಿಸಿದರೆ ಅವತಾರದ ಕೈ ಕಾಣುತ್ತದೆ, ತನ್ನ ಕೈ ಎತ್ತಿದಾಗಲೇ ಅದೂ ಏಳುತ್ತದೆ. ಕಿರೀಟದ ಭಾರವೊಂದು ಮಾತ್ರ ಇಲ್ಲ.

ಬಾರ್ಸಿಲೋನಾದ ಕಿಲ್ಟೆನಿ, ಸ್ಲೇಟರ್ ತಂಡದ 2013ರ ಪ್ರಯೋಗದಲ್ಲಿ 36 ಬಿಳಿಯರು ಪಶ್ಚಿಮ ಆಫ್ರಿಕಾದ ಜೆಂಬೆ ಎಂಬ ಚರ್ಮವಾದ್ಯ ಬಾರಿಸಿದರು. ಸೂಟು ತೊಟ್ಟ ಬಿಳಿಯ ಮೈ ಪಡೆದವರಿಗಿಂತ, ಸಾದಾ ಉಡುಪಿನ ಕಪ್ಪು ಮೈ ಪಡೆದವರ ಚಲನೆಯಲ್ಲಿ ಹೆಚ್ಚು ವೈವಿಧ್ಯವಿತ್ತು. ಇಲ್ಲಿ ಎಚ್ಚರ ಬೇಕು. ಮೈಬಣ್ಣಕ್ಕೂ ತಾಳಕ್ಕೂ ನಂಟಿಲ್ಲ. ಬಾರಿಸಿದವರು ತಲೆಯಲ್ಲಿ ಹೊತ್ತು ತಂದ ಸಿದ್ಧಚಿತ್ರಕ್ಕೆ ಅವತಾರ ಬರೀ ದಾರಿ ತೆರೆಯಿತು ಎನ್ನುವುದೇ ಸರಿ.

2020ರಲ್ಲಿ ಪ್ರೋಟಿಯಸ್ ಪರಿಣಾಮದ 46 ಅಧ್ಯಯನಗಳನ್ನು ಒಟ್ಟಿಗಿಟ್ಟು ಪರಿಶೀಲಿಸಿದಾಗ ಪರಿಣಾಮ ಸಣ್ಣದರಿಂದ ಮಧ್ಯಮ ಪ್ರಮಾಣದ್ದೆಂದು ಕಂಡಿತು. ಎಲ್ಲರ ಮೇಲೂ ಅದು ಒಂದೇ ಸಮನಾಗಿ ಆಗುವುದೂ ಇಲ್ಲ. 2018ರ ಪ್ರಯೋಗವೊಂದರಲ್ಲಿ ಐನ್‌ಸ್ಟೈನ್‌ನ ಮೈ ತೊಟ್ಟ ಯುವಕರ ಪೈಕಿ, ಯೋಜನಾಶಕ್ತಿಯ ಪರೀಕ್ಷೆಯಲ್ಲಿ ಹೆಚ್ಚು ಸುಧಾರಿಸಿದವರು ತಮ್ಮ ಬಗ್ಗೆ ತಮಗೇ ಕೀಳರಿಮೆ ಇದ್ದವರು.